ಹಸಿವಿನ ಕಡಿವಾಣ: ಇಲಿಯ ಒಂದು ಜೀನಿನ ರಚನೆ ಮತ್ತು ನಿಯಂತ್ರಣ

ನರಕೋಶಗಳು ಪರಸ್ಪರ ಸಂದೇಶ ಕಳುಹಲು ಬಳಸುವ ಕಿರಿಯ ಪ್ರೋಟೀನು ತುಣುಕುಗಳಿಗೆ ನ್ಯೂರೋಪೆಪ್ಟೈಡುಗಳೆಂದು ಹೆಸರು. ಇವುಗಳ ರಚನಾವಿಧಿ ಜೀನುಗಳಲ್ಲಿ ಅಡಕವಾಗಿರುತ್ತದೆ. ಇದಕ್ಕೆ ಇಲಿಯ 'ಪ್ರೋ-ಓಪಿಯೊ-ಮೆಲನೊ-ಕಾರ್ಟಿನ್' ಜೀನು ಉತ್ತಮ ನಿದರ್ಶನ.

ಈ ಹೆಸರೇ ಒಂದು ಸಮಾಸಪದ. 'ಪ್ರೋ' ಎಂದರೆ ಪೂರ್ವರೂಪ. 'ಓಪಿಯೊ' ನೋವು ತಗ್ಗಿಸುವ ಎಂಡಾರ್ಫಿನನ್ನೂ, 'ಮೆಲನೊ' ವರ್ಣಕಾರಕ ಹಾರ್ಮೋನನ್ನೂ, 'ಕಾರ್ಟಿನ್' ಅಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುವ ಎಸಿಟಿಎಚ್ ಹಾರ್ಮೋನನ್ನೂ ಸೂಚಿಸುತ್ತವೆ. ಒಂದೇ ಪ್ರೋಟೀನಿನಲ್ಲಿ ಇವೆಲ್ಲವೂ ಹುದುಗಿವೆ.

ಇಲಿಯಲ್ಲಿ ಈ ಜೀನು 12ನೆಯ ವರ್ಣತಂತುವಿನಲ್ಲಿದೆ. ಇದರಲ್ಲಿ ಎಕ್ಸಾನುಗಳೆಂಬ ಮೂರು ಖಂಡಗಳಿವೆ. ಅವುಗಳ ನಡುವೆ ಇಂಟ್ರಾನುಗಳೆಂಬ ಎರಡು ಅಂತರಗಳಿವೆ. ಮೊದಲನೆಯ ಖಂಡದಲ್ಲಿ ಪ್ರೋಟೀನಿನ ಸಂಕೇತವಿಲ್ಲ. ಎರಡನೆಯದರಲ್ಲಿ ಆರಂಭಸಂಕೇತವಿದೆ. ಹಾರ್ಮೋನುಗಳ ಸಂಕೇತವೆಲ್ಲ ಮೂರನೆಯದರಲ್ಲಿದೆ.

ಸಮಾಸವನ್ನು ಬಿಡಿಸುವ ಕ್ರಮವು ಸ್ಥಾನಕ್ಕೆ ತಕ್ಕಂತೆ ಬೇರೆಯಾಗುತ್ತದೆ. ಪಿಟ್ಯುಟರಿ ಗ್ರಂಥಿಯ ಮುಂಭಾಗದಲ್ಲಿ ಪಿಸಿ1 ಎಂಬ ಕಿಣ್ವವು ಪ್ರೋಟೀನನ್ನು ಕತ್ತರಿಸಿ ಎಸಿಟಿಎಚ್ ಒದಗಿಸುತ್ತದೆ. ಅದೇ ಗ್ರಂಥಿಯ ಮಧ್ಯಭಾಗದಲ್ಲಿಯೂ ಮಿದುಳಿನ ಹೈಪೊಥಲಾಮಸಿನಲ್ಲಿಯೂ ಪಿಸಿ2 ಎಂಬ ಮತ್ತೊಂದು ಕಿಣ್ವವು ಸೇರಿ ಇನ್ನೂ ಸಣ್ಣ ತುಣುಕುಗಳಾಗುತ್ತವೆ. ಅವುಗಳಲ್ಲೊಂದಾದ ಆಲ್ಫಾ-ಎಂಎಸ್‌ಎಚ್ ಹಸಿವನ್ನು ತಣಿಸುತ್ತದೆ.

ನಿಯಂತ್ರಣವೂ ಹೀಗೆಯೇ ಎರಡು ಬಗೆ. ಪಿಟ್ಯುಟರಿಯಲ್ಲಿ ಜೀನನ್ನು ಎಚ್ಚರಿಸುವ ಡಿಎನ್‌ಎ ಭಾಗವು ಜೀನಿನ ಸಮೀಪದಲ್ಲಿಯೇ ಇದೆ. ಅಲ್ಲಿ, ಗ್ರಂಥಿಯ ಮುಂಭಾಗದಲ್ಲಿ, ಸಿಆರ್‌ಎಚ್ ಹಾರ್ಮೋನು ಅದನ್ನು ಪ್ರಚೋದಿಸಿದರೆ ಅಡ್ರಿನಲ್ ಸ್ಟೀರಾಯ್ಡುಗಳು ತಗ್ಗಿಸುತ್ತವೆ. ಹೈಪೊಥಲಾಮಸಿಗೆ ಸಂಬಂಧಿಸಿದ ಎರಡು 'ಎನ್ಹಾನ್ಸರ್'ಗಳಾದರೋ ಸುಮಾರು 10ರಿಂದ 12 ಸಾವಿರ ಅಕ್ಷರಗಳಷ್ಟು ದೂರದಲ್ಲಿವೆ. ಅಲ್ಲಿ ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ ಜೀನನ್ನು ಚುರುಕುಗೊಳಿಸುತ್ತದೆ. ಉಪವಾಸದಲ್ಲಿ ಅದರ ಕಾರ್ಯ ಕುಗ್ಗುತ್ತದೆ.

ಎನ್ಹಾನ್ಸರುಗಳ ಮಹತ್ವವನ್ನು 2015ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಇವೆರಡನ್ನೂ ತೆಗೆದುಹಾಕಿದ ಇಲಿಗಳ ಹೈಪೊಥಲಾಮಸಿನಲ್ಲಿ ಜೀನಿನ ಕಾರ್ಯವು ಐದನೆಯ ಒಂದು ಪಾಲಿಗಿಂತಲೂ ಕೆಳಗಿಳಿಯಿತು. ಪ್ರೋಟೀನಿನ ಸಂಕೇತದಲ್ಲಿ ಒಂದಕ್ಷರವೂ ಕೆಟ್ಟಿರಲಿಲ್ಲ. ಆದರೂ ಇಲಿಗಳು ಅತಿಯಾಗಿ ತಿಂದು ಸ್ಥೂಲವಾದವು. ಪಾಠವು ಶುದ್ಧವಾಗಿದ್ದರೆ ಸಾಲದು, ಅದನ್ನು ಓದಿಸುವ ವ್ಯವಸ್ಥೆಯೂ ಸರಿಯಿರಬೇಕು ಎಂಬುದು ಇದರಿಂದ ವಿದಿತವಾಗುತ್ತದೆ.

ಇದು ಇಲಿಗಳಿಗಷ್ಟೇ ಸೀಮಿತವಲ್ಲ. ಈ ಜೀನು ಕೆಟ್ಟು ಎಳವೆಯಲ್ಲಿಯೇ ಅತಿ ಸ್ಥೂಲಕಾಯರಾದ ಮಕ್ಕಳ ವಿವರ 1998ರಲ್ಲಿ ಪ್ರಕಟವಾಯಿತು. ಆಲ್ಫಾ-ಎಂಎಸ್‌ಎಚ್‌ನ ಕೆಲಸವನ್ನು ನಿರ್ವಹಿಸುವ ಸೆಟ್‌ಮೆಲನೊಟೈಡ್ ಔಷಧಕ್ಕೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಂಥ ಮಗುವಿನ ತಣಿಯದ ಹಸಿವನ್ನು ಜಿಹ್ವಾಚಾಪಲ್ಯವೆಂದು ಹಳಿಯುವುದು ಅನ್ಯಾಯ. ಅದಕ್ಕೆ ಬೇಕಾದುದು ಗದರಿಕೆಯಲ್ಲ, ಚಿಕಿತ್ಸೆ.