ಜೋಗುಳವೂ ಕೂಸಿನ ನುಡಿಗಲಿಕೆಯೂ

ಮಗುವಿನ ಶಿಕ್ಷಣ ಎಂದು ಆರಂಭವಾಗುವದೆಂದು ಕೇಳಿದರೆ, ಅಂಗನವಾಡಿಗೆ ಹೋದ ದಿನವೆಂದು ಕೆಲವರೂ, ಒಂದನೆಯ ಇಯತ್ತೆಗೆ ಹೆಸರು ಹಚ್ಚಿದ ದಿನವೆಂದು ಹಲವರೂ ಹೇಳುವರು. ಇವೆರಡಕ್ಕೂ ಮೊದಲೇ ಒಂದು ಶಾಲೆ ತೆರೆದಿರುತ್ತದೆ. ಅಲ್ಲಿ ಹಲಗೆಯಿಲ್ಲ, ಪುಸ್ತಕವಿಲ್ಲ. ಇರುವದು ಒಂದು ತೊಟ್ಟಿಲು, ಅದರ ಬದಿಯಲ್ಲಿ ಹಾಡುವ ಒಂದು ದನಿ. ಆ ದನಿಯು ಕೂಸಿಗೆ ಏನನ್ನು ಕಲಿಸುವದೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿಚಾರಿಸೋಣ.

ನಮ್ಮ ಶಿಗ್ಗಾಂವ ತಾಲೂಕಿನ ಹಳ್ಳಿಗಳಲ್ಲಿ ಕೂಸಿನ ಒಂದೊಂದು ಹೊತ್ತಿಗೂ ಒಂದೊಂದು ಪದವುಂಟು. ಎಣ್ಣೆ ಹಚ್ಚಿ ಎರೆಯುವಾಗ ಒಂದು, ಕಾಲ ಮೇಲೆ ಕೂಡ್ರಿಸಿಕೊಂಡು ತೂಗುವಾಗ ಇನ್ನೊಂದು. ಬೆರಳು ಮಡಿಸಿ ಎಣಿಸುವ ಆಟಕ್ಕೆ ಒಂದು, ಚಂದ್ರನನ್ನು ತೋರಿಸಿ ತುತ್ತು ಉಣಿಸುವಾಗ ಮತ್ತೊಂದು. ಹಾಡುವವಳು ತಾಯಿಯೇ ಆಗಬೇಕೆಂದಿಲ್ಲ. ಸೀರೆಯ ಜೋಳಿಗೆ ತೂಗುತ್ತ ಅಜ್ಜನೂ ಗುನುಗುವದುಂಟು. ಹಳ್ಳಿಯ ಹೆಣ್ಣುಮಕ್ಕಳ ಇಂಥ ಪದಗಳ ಹಿರಿಮೆಯನ್ನು ಓದುಬಲ್ಲವರಿಗೆ ತೋರಿಸಿಕೊಟ್ಟವರಲ್ಲಿ ಹಲಸಂಗಿಯ ಗೆಳೆಯರು ಮುಖ್ಯರು. ಅವರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಆ ಹಾಡುಗಳು ತ್ರಿಪದಿಯಲ್ಲಿವೆ. ಇದೇ ತ್ರಿಪದಿಯು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು 1300 ವರ್ಷಗಳ ಹಿಂದೆಯೇ ಕಲ್ಲಿನ ಮೇಲೆ ಮೂಡಿದೆ. ಅಷ್ಟು ಹಳೆಯ ಲಯವನ್ನು ಅಕ್ಷರ ಬಾರದ ತಾಯಂದಿರು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದರು.

ಅರ್ಥ ತಿಳಿಯದ ಕೂಸಿಗೆ ಹಾಡಿ ಪ್ರಯೋಜನವೇನು ಎಂದು ಕೆಲವರು ಕೇಳಬಹುದು. ನಾವು ಆಡುವ ಮಾತು ಎಳೆಯ ಕಿವಿಗೆ ಎಡೆಬಿಡದ ಹೊಳೆಯಿದ್ದಂತೆ. ಒಂದು ಶಬ್ದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂಬುದು ಅದಕ್ಕೆ ತಿಳಿಯದು. ಹಾಡಿನಲ್ಲಾದರೋ ಮಾತು ನಿಧಾನವಾಗುವದು, ಸ್ವರ ದೀರ್ಘವಾಗುವದು, ತಾಳವು ಸಾಲನ್ನು ತುಂಡುತುಂಡಾಗಿ ವಿಂಗಡಿಸುವದು. ಕೇಂಬ್ರಿಜ್ ವಿಶ್ವವಿದ್ಯಾಲಯದ ಉಷಾ ಗೋಸ್ವಾಮಿ ಮತ್ತು ಸಂಗಡಿಗರು 50 ಶಿಶುಗಳಿಗೆ 4, 7 ಮತ್ತು 11 ತಿಂಗಳ ವಯಸ್ಸಿನಲ್ಲಿ ಶಿಶುಪದಗಳನ್ನು ಕೇಳಿಸಿ, ಮೆದುಳಿನ ಪ್ರತಿಕ್ರಿಯೆಯನ್ನು ಅಳೆದರು. 2023ರಲ್ಲಿ ಪ್ರಕಟವಾದ ಈ ಶೋಧನೆಯಂತೆ, ಬಿಡಿ ಧ್ವನಿಗಳ ಗುರುತು ಸುಮಾರು 7 ತಿಂಗಳಿಗೆ ತಲೆದೋರಿ ಮೆಲ್ಲನೆ ಬಲಿಯುವದು. ಅದಕ್ಕೂ ಮುಂಚೆ ಕೂಸಿಗೆ ಮಾತಿನ ಲಯವೇ ಆಧಾರವೆಂದು ಗೋಸ್ವಾಮಿಯವರ ಅಭಿಪ್ರಾಯ.

ಕೆನಡಾದ ವರ್ಕರ್ ಮತ್ತು ಟೀಸ್ ಎಂಬ ವಿದ್ವಾಂಸರು 1984ರಲ್ಲಿ ತಿಳಿಸಿದ ಸಂಗತಿಯು ನಮಗೆ ಇನ್ನೂ ಹತ್ತಿರದ್ದು. ಹಿಂದಿಯ ತಕಾರ ಟಕಾರಗಳ ಭೇದವನ್ನು ಇಂಗ್ಲಿಷ್ ಮನೆಗಳ 6-8 ತಿಂಗಳ ಕೂಸುಗಳು ಗುರುತಿಸಿದವು. 10-12 ತಿಂಗಳ ಹೊತ್ತಿಗೆ ಆ ಶಕ್ತಿ ಬಹುಮಟ್ಟಿಗೆ ಕುಂದಿತ್ತು. ಕೇಳದ ಧ್ವನಿಯನ್ನು ಕಿವಿ ಕೈಬಿಡುವದು, ಕೇಳಿದ್ದನ್ನು ಹಿಡಿದುಕೊಳ್ಳುವದು. ‘ಬಳೆ’ಗೂ ‘ಬಾಳೆ’ಗೂ, ‘ಮೊಲ’ಕ್ಕೂ ‘ಮೊಳ’ಕ್ಕೂ ಇರುವ ಅಂತರ ನಮಗೆ ಸಹಜವೆನಿಸುವದು ತೊಟ್ಟಿಲಿನಿಂದಲೇ ಅದನ್ನು ಕೇಳುತ್ತ ಬಂದುದರಿಂದ.

ಇದರ ಫಲ ಶಾಲೆಯವರೆಗೂ ಬರುವದು. ಇಂಗ್ಲೆಂಡಿನಲ್ಲಿ ಪೀಟರ್ ಬ್ರಾಯಂಟ್ ಮತ್ತು ಸಂಗಡಿಗರು 64 ಮಕ್ಕಳನ್ನು ಮೂರನೆಯ ವಯಸ್ಸಿನಿಂದ ಆರರವರೆಗೆ ಗಮನಿಸಿ 1989ರಲ್ಲಿ ವರದಿ ಮಾಡಿದರು. ಮೂರನೆಯ ವಯಸ್ಸಿಗೆ ಹೆಚ್ಚು ಶಿಶುಪದ ಬಲ್ಲ ಮಕ್ಕಳು ಓದಿನಲ್ಲಿಯೂ ಕಾಗುಣಿತದಲ್ಲಿಯೂ ಮುಂದಿದ್ದರು. ಮನೆಯ ಸ್ಥಿತಿಗತಿ, ಬುದ್ಧಿಮಟ್ಟಗಳ ಅಂತರವನ್ನು ಲೆಕ್ಕದಿಂದ ಕಳೆದರೂ ಈ ಸಂಬಂಧ ಉಳಿಯಿತು. ಅದು ಇಂಗ್ಲಿಷ್ ಮಕ್ಕಳ ವಿಷಯ, ನಿಜ. ಆದರೂ ಪ್ರಾಸವು ಕಿವಿಯನ್ನು ಹದಗೊಳಿಸುವದೆಂಬ ತತ್ವ ಪ್ರಾಸಪ್ರಿಯವಾದ ನಮ್ಮ ನುಡಿಗೆ ಹೊರತಾಗಿರಲಾರದು.

ನಮ್ಮಂಥವರು ಇದನ್ನು ವಿಶೇಷವಾಗಿ ನೆನೆಯಬೇಕು. ಈ ಕಾಲೇಜಿನಲ್ಲಿ ಮನೆತನಕ್ಕೆ ಮೊದಲಿಗರಾಗಿ ಪದವಿ ತರಗತಿಗೆ ಬಂದವರು ಅನೇಕರು. ನಾನೂ ಅವರಲ್ಲಿ ಸೇರಿದ್ದೇನೆ. ‘ನಮ್ಮ ಮನೆಯಲ್ಲಿ ಓದಿನ ವಾತಾವರಣವಿರಲಿಲ್ಲ’ ಎಂದು ನಾವು ಸಂಕೋಚದಿಂದ ಹೇಳಿಕೊಳ್ಳುತ್ತೇವೆ. ಪುಸ್ತಕವಿರಲಿಲ್ಲ ಎಂಬುದು ಸರಿ. ಪಾಠವಿರಲಿಲ್ಲ ಎಂಬುದು ಸರಿಯಲ್ಲ. ನನ್ನ ಅವ್ವ ಹೆಬ್ಬೆಟ್ಟು ಒತ್ತುವವಳು. ಪ್ರಾಸವೆಂಬ ಹೆಸರನ್ನೇ ಅವಳು ಕೇಳಿಲ್ಲ. ಆದರೆ ಅವಳ ಪದದಲ್ಲಿ ಪ್ರಾಸ ಎಂದೂ ತಪ್ಪುವದಿಲ್ಲ.

ಇಂದು ಇಂಥ ಪದಗಳನ್ನು ಹಳ್ಳಿಗಾಡಿನವೆಂದು ಬದಿಗಿಟ್ಟು, ಇಂಗ್ಲಿಷ್ ಪದ ಹಾಡುವ ಮೊಬೈಲನ್ನು ಕೂಸಿನ ಮುಂದೆ ಹಿಡಿಯುವದು ನಮ್ಮೂರುಗಳಲ್ಲಿಯೂ ಕಾಣುತ್ತಿದೆ. ಒಂದು ವರ್ಷದೊಳಗಿನ ಕೂಸಿಗೆ ಪರದೆ ಸಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿಯೇ ಹೇಳಿದೆ. ಯಂತ್ರ ಹಾಡಬಲ್ಲುದು, ಆದರೆ ಕೂಸು ‘ಊಂ’ ಎಂದಾಗ ಹಾಡು ನಿಲ್ಲಿಸಿ, ಅದರ ಮೋರೆ ನೋಡಿ ನಗಲಾರದು. ಆ ಕೊಡುಕೊಳ್ಳುವಿಕೆಯೇ ಮಾತಿನ ಮೊದಲ ಪಾಠ.

ಕಂಠ ಇಂಪಾಗಿರಬೇಕೆಂದೇನೂ ಇಲ್ಲ. ಒಂದೇ ಪದವನ್ನು ದಿನವೂ ಹಾಡಿದರೆ ಕೂಸಿಗೆ ಬೇಸರವಾಗದು, ಗುರುತು ಹತ್ತುವದು. ಹಳೆಯ ಪದಗಳಲ್ಲಿ ಗಂಡುಕೂಸಿನ ಹೊಗಳಿಕೆ ಹೆಚ್ಚಾಗಿ ಕಂಡರೆ ಅಲ್ಲಿ ಮಗಳ ಹೆಸರನ್ನು ಸೇರಿಸೋಣ; ಅದರಿಂದ ತಾಳ ಕೆಡದು. ಪದ ಬಾರದವರಿಗೆ ಪಂಜೆ ಮಂಗೇಶರಾಯರ, ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳು ಇದ್ದೇ ಇವೆ.

ನಮ್ಮ ತಾಲೂಕಿನ ಗೊಟಗೋಡಿಯಲ್ಲಿಯೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಆದರೆ ಪ್ರತಿಯೊಂದು ಮನೆಯ ಅಜ್ಜಿಯ ಬಳಿಗೂ ಸಂಶೋಧಕರು ಬರಲಾರರು. ನಾವು ಅಲ್ಲಿಯೇ ಇದ್ದೇವೆ. ಈ ಸೂಟಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಹತ್ತು ಪದಗಳನ್ನು ಬರೆದಿಟ್ಟುಕೊಳ್ಳಲಿ. ಬರೆದರೆ ಅವು ಉಳಿಯುವವು. ಕೂಸಿಗೆ ಹಾಡಿದರೆ ಬಾಳುವವು.