ಹೆರಿಗೆ ರಜೆಯ ಸಂಬಳ ಯಾರು ಕೊಡಬೇಕು?



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಒಂದು ಪ್ರಶ್ನೆ ಆಗಾಗ ಬರುತ್ತದೆ: "ಮಗಳು ಗಾರ್ಮೆಂಟ್ಸಿಗೆ ಹೋಗ್ತಾಳೆ ಸಿಸ್ಟರ್, ಬಸುರಿ ಅಂತ ಗೊತ್ತಾದ್ರೆ ತೆಗೆದುಬಿಡ್ತಾರಾ?" ಹೆರಿಗೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು ಕಾನೂನಿಗೆ ವಿರುದ್ಧ. ಆದರೂ ಈ ಭಯ ಸುಮ್ಮನೆ ಹುಟ್ಟಿದ್ದಲ್ಲ.

1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ 12 ವಾರಗಳ ಸಂಬಳ ಸಹಿತ ರಜೆ ಇತ್ತು. 2017ರಲ್ಲಿ ಅದನ್ನು ಮೊದಲ ಎರಡು ಮಕ್ಕಳಿಗೆ 26 ವಾರ ಮಾಡಿದರು. 2025ರ ನವೆಂಬರ್ 21ರಿಂದ ಈ ನಿಯಮಗಳು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿವೆ, ವಾರಗಳು ಕಡಿಮೆಯಾಗಿಲ್ಲ.

ತೊಡಕು ಇರುವುದು ದುಡ್ಡಿನಲ್ಲಿ. ಇಎಸ್‌ಐ ಇಲ್ಲದ ಕಡೆ ಈ ಆರು ತಿಂಗಳ ಸಂಬಳವನ್ನು ಮಾಲೀಕರೇ ಕೊಡಬೇಕು. ಆಗ ಕೆಲವರು ಲೆಕ್ಕ ಹಾಕ್ತಾರೆ: ಹೊಸದಾಗಿ ಮದುವೆಯಾದವಳು ಯಾಕೆ, ಗಂಡಸನ್ನೇ ತಗೊಳ್ಳೋಣ. ತಾಯಿಗೆಂದು ಮಾಡಿದ ಕಾನೂನೇ ಅವಳ ಕೆಲಸಕ್ಕೆ ಅಡ್ಡ ಬರುವುದು ಹೀಗೆ.

ಇಎಸ್‌ಐನಲ್ಲಿ ಹಾಗಲ್ಲ. ಪ್ರತಿ ತಿಂಗಳು ಮಾಲೀಕರು ಸಂಬಳದ ಶೇ. 3.25, ಕೆಲಸಗಾರರು ಶೇ. 0.75 ಕಟ್ಟುತ್ತಾರೆ. ಗಂಡಸರ ಹೆಸರಿನಲ್ಲೂ ಕಟ್ಟಬೇಕು, ಹೆಂಗಸರ ಹೆಸರಿನಲ್ಲೂ ಕಟ್ಟಬೇಕು. ಹೆರಿಗೆಯ ಹಣ ಆ ನಿಧಿಯಿಂದ ಬರುತ್ತದೆ. ವಾರ ವಾರ ಎಲ್ಲರೂ ಹಾಕಿದ ದುಡ್ಡು ನಮ್ಮ ಸಂಘದಲ್ಲಿ ಅಗತ್ಯ ಇದ್ದವಳಿಗೆ ಸಿಗೋ ಹಾಗೆ. (ನಮ್ಮಲ್ಲಿ ಅದು ಸಾಲ, ಅಲ್ಲಿ ಹಕ್ಕು.) ನಮಗೆ ಇದೇ ನ್ಯಾಯವಾದ ದಾರಿ ಎನಿಸುತ್ತದೆ.

ಇನ್ನು ಅಪ್ಪಂದಿರ ವಿಷಯ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಖಾಸಗಿ ಕೆಲಸದವನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಕೂಸು ಹೆಂಗಸಿನ ಪಾಲಿಗೇ ಎಂದು ಕಾನೂನೇ ಹೇಳಿದ ಹಾಗಾಯಿತು. ಸ್ವೀಡನ್ ದೇಶದಲ್ಲಿ ತಂದೆ ತಾಯಿ ಇಬ್ಬರಿಗೂ ಸೇರಿ 480 ದಿನ. ಅದರಲ್ಲಿ 90 ದಿನ ಅಪ್ಪನಿಗೇ ಮೀಸಲು. ಅವನು ತೆಗೆದುಕೊಳ್ಳದಿದ್ದರೆ ಆ ದಿನಗಳು ಹೋದವು, ಹೆಂಡತಿಗೂ ಬರೋದಿಲ್ಲ.

ಕೂಲಿ, ಮನೆಗೆಲಸ ಮಾಡೋ ನಮ್ಮ ಬಹಳಷ್ಟು ಸದಸ್ಯೆಯರಿಗೆ ಈ 26 ವಾರ ಸಿಗುವುದಿಲ್ಲ. ಅವರಿಗೆ ಇರುವುದು ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ: ಮೊದಲ ಮಗುವಿಗೆ ರೂ. 5,000, ಎರಡನೆಯದು ಹೆಣ್ಣಾದರೆ ರೂ. 6,000. ಆರು ತಿಂಗಳ ಕೂಲಿಯ ಮುಂದೆ ಇದು ಎಷ್ಟು ದಿನಕ್ಕೆ ಬಂದೀತು? ಆದರೂ ಬಿಡಬೇಡಿ, ಅಂಗನವಾಡಿಯಲ್ಲಿ ವಿಚಾರಿಸಿ.

ಮಗಳು ಅಥವಾ ಸೊಸೆ ಕಾರ್ಖಾನೆಗೆ ಹೋಗುತ್ತಿದ್ದರೆ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ನೋಡಿ. ಹೆರಿಗೆಗೆ ಮುಂಚಿನ ಎರಡು ವಂತಿಗೆ ಅವಧಿಗಳಲ್ಲಿ, ಅಂದರೆ ಆರಾರು ತಿಂಗಳ ಎರಡು ಕಂತುಗಳಲ್ಲಿ, ಒಟ್ಟು 70 ದಿನದ ವಂತಿಗೆ ಇರಬೇಕು. ಹೊಟ್ಟೆ ಕಾಣಿಸಿಕೊಂಡ ಮೇಲೆ ಯಾರಾದರೂ ರಾಜೀನಾಮೆ ಕಾಗದ ಮುಂದಿಟ್ಟರೆ ಸಹಿ ಹಾಕದೆ ಮನೆಗೆ ಬರಲು ಹೇಳಿ. ಕಾಗದವನ್ನು ಸಂಘದ ಸಭೆಗೆ ತನ್ನಿ.