ಕೊನೆಯ ಸಿಗರೇಟಿನ ನಂತರದ ನಾಲ್ಕು ವಾರ

ಸಿಗರೇಟಿನ ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿನಲ್ಲಿ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ಅಲ್ಲಿನ ನರಕೋಶಗಳ ಗ್ರಾಹಕಗಳಿಗೆ ಅದು ಅಂಟಿಕೊಂಡಾಗ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಗಳಿಗೆಯ ಮಟ್ಟಿಗೆ ಹಾಯೆನಿಸುತ್ತದೆ. ಆದರೆ ರಕ್ತದಲ್ಲಿರುವ ನಿಕೋಟಿನ್ ಸುಮಾರು ಎರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ದಿನವೂ ಸೇದುವವರ ಮಿದುಳಿನಲ್ಲಿ ಈ ಗ್ರಾಹಕಗಳ ಸಂಖ್ಯೆಯೇ ಹೆಚ್ಚಿರುತ್ತದೆ. ನಿಕೋಟಿನ್ ಇಳಿದಂತೆ ಚಡಪಡಿಕೆ ಶುರುವಾಗುತ್ತದೆ. ಮುಂದಿನ ಸಿಗರೇಟು ಕೊಡುವ ನೆಮ್ಮದಿಯಲ್ಲಿ ಬಹುಪಾಲು ಹಿಂದಿನ ಸಿಗರೇಟು ಹುಟ್ಟಿಸಿದ ಚಡಪಡಿಕೆ ಅಡಗಿದ್ದರಿಂದ ಬಂದದ್ದು. ಚಟ ಬಿಡುವುದು ಬರೀ ಮನೋಬಲದ ಪ್ರಶ್ನೆಯಲ್ಲ ಎನ್ನುವುದು ಇದಕ್ಕೇ.

ಬಿಟ್ಟಾಗ ಆಗುವ ಕಷ್ಟಕ್ಕೂ ಒಂದು ವೇಳಾಪಟ್ಟಿ ಇದೆ. ಮೊದಲ ದಿನವೇ ಸಿಡುಕು, ಆತಂಕ, ಏಕಾಗ್ರತೆಯ ಕೊರತೆ ಕಾಣಿಸಿಕೊಳ್ಳುತ್ತವೆ. ನಿದ್ದೆ ಕೆಡುತ್ತದೆ, ಹಸಿವು ಹೆಚ್ಚುತ್ತದೆ, ಕೆಲವರಿಗೆ ಮಲಬದ್ಧತೆಯೂ ಆಗುತ್ತದೆ. ಎರಡನೆಯ, ಮೂರನೆಯ ದಿನಗಳಲ್ಲಿ ಇವೆಲ್ಲ ತುತ್ತತುದಿಗೇರಿ, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತವೆ. ಸೇದಬೇಕೆಂಬ ತೀವ್ರ ಆಸೆಯ ಒಂದೊಂದು ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷ ಇರುತ್ತದೆ. ಆ ಹೊತ್ತನ್ನು ನೀರು ಕುಡಿದೋ, ನಾಲ್ಕು ಹೆಜ್ಜೆ ನಡೆದೋ, ಏಲಕ್ಕಿ ಜಗಿದೋ ದಾಟಿಸಬಹುದು.

ಆಸೆಯನ್ನು ಕೆರಳಿಸುವ ಸಂದರ್ಭಗಳು ಹೆಚ್ಚಾಗಿ ನಿತ್ಯದವು: ಊಟ ಮುಗಿದ ಗಳಿಗೆ, ಗೂಡಂಗಡಿಯ ಮುಂದಿನ ಹರಟೆ, ಕೆಲಸದ ಒತ್ತಡ, ಮದ್ಯದ ಮೇಜು. ಹಾಗಾಗಿ ಬಿಡುವ ದಿನವನ್ನು ಮೊದಲೇ ಗೊತ್ತು ಮಾಡಿಕೊಂಡು ಮನೆಯವರಿಗೂ ಗೆಳೆಯರಿಗೂ ತಿಳಿಸುವುದು, ಲೈಟರ್, ಆಷ್‌ಟ್ರೇಗಳನ್ನು ಕಣ್ಣಿಂದ ದೂರ ಮಾಡುವುದು, ಮೊದಲ ವಾರಗಳಲ್ಲಿ ಇಂಥ ಸಂದರ್ಭಗಳನ್ನು ತಪ್ಪಿಸುವುದು ಉಪಯುಕ್ತ.

ಕಾಫಿಯ ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಕೆಫೀನನ್ನು ಬೇಗ ಕರಗಿಸುತ್ತವೆ. ಸಿಗರೇಟು ನಿಂತ ಮೇಲೆ ಅಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಬಹಳ ಹೆಚ್ಚು ಉಳಿಯುತ್ತದೆ. ಎದೆಬಡಿತ, ನಿದ್ದೆಗೇಡುಗಳಿಗೆ ಸಿಗರೇಟು ಬಿಟ್ಟದ್ದೇ ಕಾರಣವೆಂದು ಅನ್ನಿಸಿದರೂ, ಕೆಲವೊಮ್ಮೆ ಅದರ ಮೂಲ ಕಾಫಿಯಲ್ಲಿರುತ್ತದೆ. ಲೋಟಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿದರೆ ಸರಿಹೋಗುತ್ತದೆ. ಆಸ್ತಮಾಕ್ಕೆ ಕೊಡುವ ಥಿಯೋಫಿಲಿನ್, ಮನೋರೋಗಕ್ಕೆ ಕೊಡುವ ಕ್ಲೋಜಪೈನ್‌ಗಳ ಮೇಲೂ ಇದೇ ಪರಿಣಾಮ ಇರುವುದರಿಂದ, ಅವನ್ನು ಸೇವಿಸುವವರು ಸಿಗರೇಟು ಬಿಡುವ ಮೊದಲು ವೈದ್ಯರಿಗೆ ಹೇಳಬೇಕು.

ಮದ್ದುಗಳಲ್ಲಿ ಮೊದಲು ಬರುವುದು ನಿಕೋಟಿನ್ ಚೂಯಿಂಗ್ ಗಮ್ ಮತ್ತು ಚರ್ಮಕ್ಕೆ ಅಂಟಿಸುವ ಪಟ್ಟಿ. ಹೊಗೆಯಲ್ಲಿರುವ ಟಾರು, ಕಾರ್ಬನ್ ಮೊನಾಕ್ಸೈಡ್‌ಗಳಿಲ್ಲದೆ ನಿಕೋಟಿನ್ ಅನ್ನು ಮಾತ್ರ ಕೊಟ್ಟು, ನಿಧಾನವಾಗಿ ತಗ್ಗಿಸುವುದು ಇವುಗಳ ಉಪಾಯ. ಗಮ್ ಹುಟ್ಟಿದ್ದು ಸ್ವೀಡನ್ನಿನಲ್ಲಿ. ಹೊಗೆ ಸೇದಲಾಗದ ಜಲಾಂತರ್ಗಾಮಿಯ ನಾವಿಕರು ತಂಬಾಕು ಜಗಿಯುತ್ತಿದ್ದುದು ಅದಕ್ಕೆ ಪ್ರೇರಣೆ. ಇದನ್ನು ಮಾಮೂಲು ಗಮ್‌ನಂತೆ ಒಂದೇ ಸಮನೆ ಜಗಿಯಬಾರದು. ನಾಲಿಗೆ ಚುರುಗುಟ್ಟುವವರೆಗೆ ಜಗಿದು, ಬಳಿಕ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಬೆಳಿಗ್ಗೆ ಎದ್ದ 30 ನಿಮಿಷದೊಳಗೆ ಮೊದಲ ಸಿಗರೇಟು ಹಚ್ಚುವವರಿಗೆ 2 ಮಿಲಿಗ್ರಾಂ ಬದಲು 4 ಮಿಲಿಗ್ರಾಂ ಗಮ್ ಸೂಚಿಸುತ್ತಾರೆ. ಪಟ್ಟಿ ಮತ್ತು ಗಮ್ ಒಟ್ಟಿಗೆ ಬಳಸಿದರೆ ಒಂದನ್ನೇ ಬಳಸುವುದಕ್ಕಿಂತ ಫಲ ಹೆಚ್ಚು.

ವರೆನಿಕ್ಲಿನ್ ಮಾತ್ರೆ ನಿಕೋಟಿನ್‌ನ ಗ್ರಾಹಕಗಳಲ್ಲೇ ಕುಳಿತು ಅವನ್ನು ಅರ್ಧಂಬರ್ಧ ಪ್ರಚೋದಿಸುತ್ತದೆ. ಚಡಪಡಿಕೆಯೂ ತಗ್ಗುತ್ತದೆ, ಸೇದಿದರೂ ಹಿಂದಿನ ಸುಖ ಸಿಗುವುದಿಲ್ಲ. ಇನ್ನೊಂದು ಮಾತ್ರೆ ಬುಪ್ರೊಪಿಯಾನ್; ಮೂರ್ಛೆರೋಗ ಇರುವವರಿಗೆ ಅದು ಸಲ್ಲದು. ಎರಡನ್ನೂ ವೈದ್ಯರ ಸಲಹೆಯಂತೆಯೇ ತೆಗೆದುಕೊಳ್ಳಬೇಕು. ಸಿಗರೇಟಿಗೆ ಬದಲಿಯೆಂದು ಕೆಲವರು ನೆನೆಯುವ ಇ-ಸಿಗರೇಟಿನ ಮಾರಾಟವನ್ನು ಭಾರತ 2019ರಲ್ಲಿ ನಿಷೇಧಿಸಿದೆ.

ಸಂಖ್ಯೆ ಕಡಿಮೆ ಮಾಡಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಕಡಿಮೆ ಸೇದುವವರು ಪ್ರತಿಯೊಂದನ್ನೂ ಜೋರಾಗಿ, ಕೊನೆಯವರೆಗೆ ಎಳೆದು ಕೊರತೆ ತುಂಬಿಕೊಳ್ಳುತ್ತಾರೆ. ದಿನಕ್ಕೆ ಒಂದೇ ಸಿಗರೇಟು ಸೇದಿದರೂ ಹೃದ್ರೋಗದ ಹೆಚ್ಚುವರಿ ಅಪಾಯ 20 ಸೇದುವವರಲ್ಲಿರುವುದರ ಅರ್ಧದಷ್ಟಿರುತ್ತದೆ. ಬಿಟ್ಟವರಲ್ಲಿ ತೂಕ ಮೊದಲ ವರ್ಷ ಸರಾಸರಿ ನಾಲ್ಕೈದು ಕಿಲೋ ಏರಬಹುದು. ಸೇದುವುದರ ಹಾನಿಯ ಮುಂದೆ ಅದು ಅಲ್ಪ.

ಯಾವ ಸಹಾಯವೂ ಇಲ್ಲದೆ ಮಾಡಿದ ಒಂದು ಪ್ರಯತ್ನ ವರ್ಷದವರೆಗೆ ಉಳಿಯುವುದು ನೂರರಲ್ಲಿ ಕೆಲವರಲ್ಲಿ ಮಾತ್ರ. ಬಿಟ್ಟವರಲ್ಲಿ ಹೆಚ್ಚಿನವರು ಹಲವು ಬಾರಿ ಜಾರಿ ಮತ್ತೆ ಬಿಟ್ಟವರೇ. ಆಪ್ತಸಲಹೆ ಮತ್ತು ಮದ್ದು ಎರಡೂ ಸೇರಿದರೆ ಗೆಲ್ಲುವ ಸಾಧ್ಯತೆ ಗಣನೀಯವಾಗಿ ಏರುತ್ತದೆ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್‌ನ ಉಚಿತ ಸಂಖ್ಯೆ 1800-11-2356 ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ.

ಬಿಟ್ಟ ಲಾಭ ತಡವಾಗಿ ಬರುವುದಿಲ್ಲ. ರಕ್ತದ ಕಾರ್ಬನ್ ಮೊನಾಕ್ಸೈಡ್ ಒಂದು ದಿನದೊಳಗೆ ಸಹಜ ಮಟ್ಟಕ್ಕೆ ಬರುತ್ತದೆ. ಒಂದು ವರ್ಷದಲ್ಲಿ ಹೃದ್ರೋಗದ ಹೆಚ್ಚುವರಿ ಅಪಾಯ ಅರ್ಧಕ್ಕಿಳಿಯುತ್ತದೆ, ಹತ್ತು ವರ್ಷಗಳಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯವೂ ಸುಮಾರು ಅರ್ಧವಾಗುತ್ತದೆ. ರಿಚರ್ಡ್ ಡಾಲ್ ಮತ್ತು ಸಂಗಡಿಗರು 1951ರಿಂದ ಐವತ್ತು ವರ್ಷ ಬ್ರಿಟನ್ನಿನ ವೈದ್ಯರನ್ನೇ ಗಮನಿಸಿ ನಡೆಸಿದ ಅಧ್ಯಯನದಲ್ಲಿ, ಸೇದುತ್ತಲೇ ಉಳಿದವರ ಆಯುಷ್ಯ ಸರಾಸರಿ ಹತ್ತು ವರ್ಷ ಕಡಿಮೆಯಾಗಿತ್ತು. 30ರ ವಯಸ್ಸಿನಲ್ಲಿ ಬಿಟ್ಟವರು ಆ ಹತ್ತು ವರ್ಷವನ್ನೂ ಉಳಿಸಿಕೊಂಡಿದ್ದರು, 40ರಲ್ಲಿ ಬಿಟ್ಟವರು ಒಂಬತ್ತು, 50ರಲ್ಲಿ ಆರು, 60ರಲ್ಲಿ ಬಿಟ್ಟವರೂ ಸುಮಾರು ಮೂರು ವರ್ಷ.